ಕ್ಯಾಲೆಂಡರಿನಲ್ಲಿ ಒಡೆದ ಕಂಬಗಳು

ಪರ್ತ್‌ನ ಥಾರ್ನ್ಲಿಯಲ್ಲಿ ಅಣ್ಣನ ಮಗಳು ಸ್ಮಿತಾಳ ಮನೆಗೆ ಬಂದಿದ್ದೇನೆ. ಇವತ್ತು ಮಧ್ಯಾಹ್ನ ಪಕ್ಕದ ಮನೆಯ ವೃದ್ಧರು ನಮ್ಮನ್ನು ಚಹಾಕ್ಕೆ ಕರೆದಿದ್ದರು. ಬೀಜಿಂಗಿನಲ್ಲಿ ಚರಿತ್ರೆ ಮೇಷ್ಟ್ರಾಗಿದ್ದವರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹುಲ್ಲಿನ ನಡುವೆ ಒಡೆದು ಬಿದ್ದ ಕಲ್ಲುಕಂಬಗಳು ಕಂಡವು.

"ಹಂಪಿ ಇಲ್ಲಿಗೂ ಬಂದ್ಬಿಟ್ಟಿದೆಯಲ್ಲ" ಎಂದೆ.

"ಹಂಪಿ ಅಲ್ಲ ಚಿಕ್ಕಪ್ಪ, ಬೀಜಿಂಗಿನ ಹಳೇ ಸಮ್ಮರ್ ಪ್ಯಾಲೇಸು. ಅಂಕಲ್ ಪ್ರತಿ ವರ್ಷ ಅದೇ ಚಿತ್ರ ಇರೋ ಕ್ಯಾಲೆಂಡರ್ ತರಿಸ್ತಾರೆ" ಎಂದಳು ಸ್ಮಿತಾ.

ಮೇಷ್ಟ್ರು ನಿಧಾನದ ಇಂಗ್ಲಿಷಿನಲ್ಲಿ ವಿವರಿಸಿದರು. ಕೆರೆ, ಸೇತುವೆ, ತೋಟಗಳ ನಡುವೆ ಚಕ್ರವರ್ತಿಗಳು ವಾಸವಿದ್ದ ಜಾಗವದು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳು ಅದನ್ನು ಲೂಟಿ ಮಾಡಿದವು. ಆಮೇಲೆ ಬ್ರಿಟಿಷರು ಬೆಂಕಿ ಇಟ್ಟರು. ಮರದ ಕಟ್ಟಡಗಳೆಲ್ಲ ಬೂದಿಯಾಗಿ ಕಲ್ಲಷ್ಟೇ ಉಳಿಯಿತು.

"ನಮ್ಮನ್ನು ಲೂಟಿ ಮಾಡಿದವರೂ ಅವರೇ" ಎಂದೆ, ಒಂದೇ ಕೈಯಿಂದ ಪೆಟ್ಟು ತಿಂದವರ ಸಲುಗೆಯಲ್ಲಿ.

"ಹೌದು" ಎಂದರು. "ಆ ಸೈನ್ಯದಲ್ಲಿ ಇಂಡಿಯಾದ ಸಿಪಾಯಿಗಳೂ ಇದ್ದರು. ಮಕ್ಕಳಿಗೆ ಅದನ್ನೂ ಪಾಠ ಮಾಡುತ್ತಿದ್ದೆ."

ನಾನು ಶಾಲೆಯಲ್ಲಿ ಓದಿದ ಯಾವ ಪಾಠದಲ್ಲೂ ಅದು ಇರಲಿಲ್ಲ. ಸ್ಮಿತಾ ನನ್ನ ಮುಖ ನೋಡಿದಳು. ಮೇಷ್ಟ್ರು ಎದ್ದು ಚಹಾದ ಕೆಟಲ್ ತಂದರು. ನಾನು ಸಾಕೆಂದರೂ ಕೇಳದೆ, ಮೊದಲು ನನ್ನ ಬಟ್ಟಲಿಗೇ ಚಹಾ ಬಗ್ಗಿಸಿದರು.