ನಮ್ಮವರ ಕುಪ್ಪಸ, ನಮ್ಮವರ ಓಟು

ಚುನಾವಣೆಗೆ ನಿಂತಾಗ ನನಗೆ ಸಿಕ್ಕ ಚಿಹ್ನೆ ಹೊಲಿಗೆ ಯಂತ್ರ. ಸಿಕ್ಕಿದ್ದೇನು, ನಾನೇ ಹಟ ಹಿಡಿದು ತಗೊಂಡದ್ದು. ಪಕ್ಷೇತರರಿಗೆ ಅಂತ ಇಟ್ಟ ಪಟ್ಟಿಯಲ್ಲಿ ಕಪ್ಪುಬಸಿ ಇತ್ತು, ಛತ್ರಿ ಇತ್ತು, ಕಪಾಟು ಇತ್ತು. ನಾನು ಬೆರಳಿಟ್ಟದ್ದು ಮಷಿನ್ನಿನ ಮೇಲೆ. ಮರಾಠಿ ಸೀಮೆಯ ದೇಹೂ ರೋಡಿನ ಬಜಾರಿನಲ್ಲಿ ಇಪ್ಪತ್ತೆರಡು ವರ್ಷ ಹೆಂಗಸರ ಬಟ್ಟೆ ಹೊಲಿದವಳು ನಾನು. ವಾರ್ಡಿನ ಅರ್ಧ ಹೆಂಗಸರ ತೋಳಿನ ಅಳತೆ ನನಗೆ ಬಾಯಿಪಾಠ. ಗೆಲ್ಲಲು ಇನ್ನೇನು ಬೇಕು ಅಂದುಕೊಂಡೆ. ಅಹಂಕಾರ ಅಂದರೆ ಅಹಂಕಾರವೇ, ಇಲ್ಲ ಅನ್ನುವುದಿಲ್ಲ.

ನಮ್ಮದು ಕಂಟೋನ್ಮೆಂಟ್ ಬೋರ್ಡಿನ ಚಿಕ್ಕ ವಾರ್ಡು. ಈ ತುದಿಯಿಂದ ಆ ತುದಿಗೆ ಅರ್ಧ ತಾಸಿನಲ್ಲಿ ನಡೆದುಬಿಡಬಹುದು. ಆ ಸಲ ಅದು ಹೆಂಗಸರಿಗೆ ಮೀಸಲಾಗಿತ್ತು. ನನ್ನ ಎದುರು ನಿಂತದ್ದು ಹಳೆಯ ಮೆಂಬರರ ಸೊಸೆ. ಆ ಮನೆಯವರು ವರ್ಷಗಟ್ಟಲೆ ಮೆಂಬರಾಗಿದ್ದರೂ ಗಟಾರ ಗಟಾರವಾಗಿಯೇ ಉಳಿದಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ. ಒಂದು ದಿನ ಅಂಗಡಿಯಲ್ಲಿ ಕೂತು ಅವರನ್ನು ಬೈಯುತ್ತಿದ್ದಾಗ ಗಿರಾಕಿಯೊಬ್ಬಳು, "ಅಷ್ಟು ಸಿಟ್ಟಿದ್ದರೆ ನೀವೇ ನಿಲ್ಲಿ" ಅಂದಳು. ನಿಂತುಬಿಟ್ಟೆ.

ಮೊದಲ ದಿನವೇ ನನ್ನ ಗಂಡ ವಾರ್ಡಿನ ಗಲ್ಲಿಗಳ ಪಟ್ಟಿ ಬರೆದ. ಅವನು ಮಿಲಿಟರಿ ಡಿಪೋದಲ್ಲಿ ಸ್ಟೋರ್ ಕೀಪರು, ಪಟ್ಟಿ ಇಲ್ಲದೆ ಉಸಿರಾಡುವವನಲ್ಲ. ರೈಲ್ವೆ ಹಳಿಯ ಆಚೆಯ ಗಲ್ಲಿ ಬಂದಾಗ ನಾನು ಪೆನ್ನು ಕಸಿದುಕೊಂಡು ಅಡ್ಡಗೆರೆ ಎಳೆದೆ. "ಇದು ನಮ್ಮದೇ. ಇಲ್ಲಿಗೆ ಕೊನೆಗೆ ಹೋದರೂ ನಡೀತದ" ಅಂದೆ.

ನಮ್ಮದೇ ಅಂದರೆ, ಅಲ್ಲಿರುವವರೆಲ್ಲ ಅಫಜಲಪುರ, ಆಳಂದ ಕಡೆಯ ಮಂದಿ. ಗೌಂಡಿ ಕೆಲಸಕ್ಕೆ, ಕಾರ್ಖಾನೆಗೆ ಅಂತ ಬಂದು ಅಲ್ಲೇ ನೆಲೆ ನಿಂತವರು. ನಮ್ಮಪ್ಪನೂ ಅದೇ ಕಡೆಯಿಂದ ಗುಮಾಸ್ತನಾಗಿ ಬಂದವನು. ಒಂದೇ ಮಾತು, ಒಂದೇ ರೊಟ್ಟಿ, ಒಂದೇ ದೇವರು. ಅವರು ಮತ್ತ್ಯಾರಿಗೆ ಹಾಕುತ್ತಾರೆ?

ಹತ್ತು ದಿನ ಮರಾಠಿ ಗಲ್ಲಿಗಳನ್ನು ತಿರುಗಿದೆ. ಏನು ಸ್ವಾಗತ ಅಂತೀರಿ! ಬಾಗಿಲು ಬಾಗಿಲಿಗೆ ಆರತಿ, ಹಣೆ ತುಂಬ ಕುಂಕುಮ. "ಶಿಲಾಯಿ ಮಷಿನ್‌ವಾಲ್ಯಾ ತಾಈ ಆಲ್ಯಾ", ಹೊಲಿಗೆ ಮಷಿನ್ನಿನ ಅಕ್ಕ ಬಂದಳು ಅಂತ ಮಕ್ಕಳು ಮುಂದೆ ಓಡುತ್ತಿದ್ದರು. ಚಿಹ್ನೆ ತೋರಿಸಿದರೆ ಸಾಕು, ಹೆಂಗಸರು ನಗುತ್ತ, "ನೀವು ಹೇಳಿದ ದಿನಕ್ಕೆ ಬಟ್ಟೆ ಕೊಡುವವರು, ಕೆಲಸವನ್ನೂ ಹಾಗೇ ಮಾಡುತ್ತೀರಿ" ಅನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಾನು ಒಂದು ಇಂಚು ಉಬ್ಬುತ್ತಿದ್ದೆ.

ಮತದಾನಕ್ಕೆ ಐದು ದಿನ ಉಳಿದಾಗ ಹಳಿ ದಾಟಿ ನಮ್ಮವರ ಗಲ್ಲಿಗೆ ಹೋದೆ. ಹಬ್ಬಕ್ಕೆ ತವರಿಗೆ ಹೊರಟವಳ ಉಮೇದು ನನ್ನದು. ಮೊದಲ ಮನೆಯಲ್ಲೇ ಚಾಪೆ ಹಾಸಿದರು, ಚಹಾ ಕೊಟ್ಟರು, ಊರ ಕಡೆ ಮಳೆಯ ಸುದ್ದಿ ಹೇಳಿದರು. ಓಟಿನ ಮಾತೆತ್ತಿದೆ.

"ಅದರ ಮಾತು ನಾಳೆ ಆಡೂಣ್ರಿ ಬಾಯಾರ. ನಾಳೆ ಬರ್ರಿ" ಅಂದಳು ಮನೆಯಾಕೆ.

ಎರಡನೇ ಮನೆಯಲ್ಲೂ ಚಹಾ, ಎರಡನೇ ಮನೆಯಲ್ಲೂ "ನಾಳೆ ಬರ್ರಿ". ಎಂಟು ಮನೆ ದಾಟುವ ಹೊತ್ತಿಗೆ ಹೊಟ್ಟೆಯಲ್ಲಿ ಎಂಟು ಕಪ್ಪು ಚಹಾ ಇತ್ತು, ಒಂದೂ ಓಟು ಇರಲಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ "ಬಾಯಾರ". ಅವರೆಲ್ಲ ನನ್ನನ್ನು ಅಕ್ಕಾ ಅನ್ನುತ್ತಿದ್ದವರು.

ಮರುದಿನ ಹನುಮಪ್ಪನ ಗುಡಿಯ ಮುಂದೆ ಎಲ್ಲರನ್ನೂ ಸೇರಿಸಿದೆ. ಭಾಷಣ ರೂಢಿಯಾಗಿಬಿಟ್ಟಿತ್ತು ನೋಡಿ. "ಇಲ್ಲಿ ಹರಿಯುವ ಇಂದ್ರಾಯಣಿ ಮುಂದೆ ಭೀಮೆಗೆ ಸೇರಿ ನಮ್ಮೂರ ಮುಂದೆಯೇ ಹಾದುಹೋಗುತ್ತಾಳೆ. ನಾವೆಲ್ಲ ಒಂದೇ ನೀರು ಕುಡಿದವರು" ಅಂತ ಗಂಟಲುಬ್ಬಿಸಿ ಹೇಳಿದೆ. ಚಪ್ಪಾಳೆ ಬೀಳಬೇಕಾದ ಜಾಗ ಅದು, ಬೀಳಲಿಲ್ಲ. ಗಲ್ಲಿಯವರೆಲ್ಲ ದೊಡ್ಡವ್ವ ಅಂತ ಕರೆಯುವ ಹಿರಿಯಾಕೆ ಗುಡಿಯ ಕಟ್ಟೆಯ ಮೇಲೆ ಕೂತಿದ್ದಳು. ಅವಳು ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ ಕೇಳಿದಳು:

"ನೀರು ಒಂದೇ ಅದ, ಖರೇ ಅದ. ಹೋದ ಪಂಚಮಿಗಿ ಕೊಟ್ಟ ಕುಪ್ಪಸ ಎಲ್ಲಿ ಅವ?"

ಗಲ್ಲಿಗೆ ಗಲ್ಲಿಯೇ ನಕ್ಕಿತು. ನಾನೂ ನಗಲು ನೋಡಿದೆ, ಆಗಲಿಲ್ಲ. ನಗದೆ ನಿಂತಿದ್ದ ಇನ್ನೊಬ್ಬಳು ಮುಂದೆ ಬಂದಳು. ಗೌಂಡಿಗಳ ಕೈಕೆಳಗೆ ಇಟ್ಟಿಗೆ ಹೊರುವ ಹೆಣ್ಣುಮಗಳು ಅವಳು.

"ಕುಪ್ಪಸಕ್ಕ ಅಂತ ನಮ್ಮಣ್ಣ ಕೊಟ್ಟ ಖಣರಿ ಅದು. ಪಂಚಮಿಗಿ ಅದನ್ನೇ ಹಾಕ್ಕೊಂಡು ಬಾ ಅಂದಿದ್ದ. ತಿಂಗಳ ಮೊದಲೇ ನಿಮ್ಮ ಕೈಯಾಗ ಕೊಟ್ಟೀನಿ. ನಾಳೆ ಬಾ, ನಾಳೆ ಬಾ ಅಂದ್ರಿ. ಕಡೀಗಿ ಹಳೇದೇ ಹಾಕ್ಕೊಂಡು ತವರಿಗಿ ಹೋದೆ. ಅತ್ತಿಗಿ ಎಲ್ಲಾರ ಮುಂದ ಕೇಳಿದ್ಳು, ಅಣ್ಣ ಕೊಟ್ಟ ಖಣ ಮನಸಿಗಿ ಬರಲಿಲ್ಲೇನು ಅಂತ. ಟೇಲರ ನಮ್ಮ ಕಡಿಯಾಕಿನೇ ಅದಾಳ, ಅದಕ್ಕ ಆಗಿಲ್ಲ ಅಂದೆ. ಯಾರೂ ನಂಬಲಿಲ್ಲ."

ನಾನು ಮನೆಗೆ ಬಂದೆ. ಬಂದವಳೇ ಹರಿಹಾಯ್ದೆ. ಒಂದು ಕುಪ್ಪಸಕ್ಕೆ ಓಟು ತಪ್ಪಿಸುವುದೆಂದರೇನು? ಹತ್ತು ವರ್ಷ ಅವರ ಮಕ್ಕಳ ಶಾಲೆಯ ಅರ್ಜಿ ತುಂಬಿಕೊಟ್ಟವರು ಯಾರು? ಆಸ್ಪತ್ರೆಗೆ ಜೊತೆಗೆ ಹೋದವರು ಯಾರು? ನನ್ನ ಗಂಡ ರೊಟ್ಟಿ ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ, "ಊರಿಗಿ ಉಪಕಾರಿ, ಮನಿಗಿ ಮಾರಿ" ಅಂದು ಪಲ್ಯ ನೀಡಿಕೊಂಡ. ಅಷ್ಟೇ. ಅವನ ಮೇಲೂ ಸಿಟ್ಟು ಬಂತು. ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದೆ.

ಅಂಗಡಿಯ ಎದುರು ಗೋಡೆಯಲ್ಲಿ ಸಾಲು ಮೊಳೆ. ಆಫೀಸರರ ಹೆಂಡಂದಿರದ್ದು, ಬಜಾರಿನ ಅಂಗಡಿಯವರ ಮನೆಯದ್ದು ಅಲ್ಲಿ ನೇತಾಡುತ್ತವೆ. ಹೇಳಿದ ದಿನ ತಪ್ಪಿದರೆ ಅವರು ಬೇರೆ ಟೇಲರನ ಹತ್ತಿರ ಹೋಗುತ್ತಾರೆ, ಅದಕ್ಕೇ ಅವು ಕಣ್ಣ ಮುಂದೆ. ನಮ್ಮವರು ಬಂದರೆ? ಕೂಡ್ರವ್ವ ಅನ್ನುತ್ತಿದ್ದೆ, ಚಹಾ ತರಿಸುತ್ತಿದ್ದೆ, ಅರ್ಧ ತಾಸು ಊರಿನ ಮಾತಾಡುತ್ತಿದ್ದೆ. ಅವರು ಎದ್ದು ಹೋದ ಮೇಲೆ ಬಟ್ಟೆಯನ್ನು ಮೇಜಿನ ಕೆಳಗಿನ ಗಂಟಿಗೆ ತುರುಕುತ್ತಿದ್ದೆ. ನಮ್ಮವರಲ್ಲವಾ, ಕಾಯುತ್ತಾರೆ. ಚಹಾ ಕುಡಿಸಿದ್ದನ್ನೇ ನಾನು ಪ್ರೀತಿ ಅಂದುಕೊಂಡಿದ್ದೆ.

ಗಂಟು ಬಿಚ್ಚಿದೆ. ಇಪ್ಪತ್ತಾರು ಖಣ. ಒಂದೊಂದಕ್ಕೂ ಟಾಚಣಿಯಿಂದ ಚುಚ್ಚಿದ ಚೀಟಿ, ಚೀಟಿಯ ಮೇಲೆ ನನ್ನದೇ ಅಕ್ಷರದಲ್ಲಿ ಅಳತೆ ಮತ್ತು ತಾರೀಖು. ಇಪ್ಪತ್ತಾರೂ ಹಳಿಯ ಆಚೆಯವು. ಹೊರಗಿನವರದ್ದು ಒಂದೂ ಇರಲಿಲ್ಲ. ಸೋತ ಅಭ್ಯರ್ಥಿಗಳೆಲ್ಲ ಹಿತ್ತಲ ಗಿಡ ಮದ್ದಲ್ಲ ಅಂತ ತಮ್ಮವರನ್ನು ದೂರುವುದನ್ನು ಕೇಳಿದ್ದೇನೆ. ಆ ಗಿಡ ಹಿತ್ತಲಿನವರಿಗೆ ಎಂದಾದರೂ ಮದ್ದು ಕೊಟ್ಟಿತ್ತಾ ಅಂತ ಕೇಳಿದವರನ್ನು ಕಾಣೆ. ನನ್ನ ಸಿಟ್ಟು ಇಳಿದುಹೋಯಿತು. ಆ ಜಾಗಕ್ಕೆ ನಾಚಿಕೆ ಬಂತು.

ಮರುದಿನ ಮಷಿನ್ನನ್ನೇ ಟೆಂಪೊಗೆ ಹೇರಿದೆ. ಕಾಲಿನಿಂದ ತುಳಿಯುವ ಹಳೆಯ ಮಷಿನ್ನು. ಗಂಡ ಗಾಬರಿಯಾದ. "ಮೂರೇ ದಿನ ಉಳಿದಾವ. ಬಜಾರದಾಗ ಯಾರು ತಿರಗಾಡೋರು?"

"ನೀವು ತಿರಗಾಡ್ರಿ, ಪಟ್ಟಿ ಹ್ಯಾಂಗೂ ನಿಮ್ಮ ಕಡೇನೇ ಅದ" ಅಂದೆ.

ಹನುಮಪ್ಪನ ಗುಡಿಯ ಪಕ್ಕ ಮಷಿನ್ನು ಇಳಿಸಿ ಕೂತೆ. ಮೊದಲು ಕೈಗೆತ್ತಿಕೊಂಡದ್ದು ಇಟ್ಟಿಗೆ ಹೊರುವವಳ ಖಣ. ಅವಳು ಸಂಜೆ ಕೆಲಸದಿಂದ ಬರುವ ಹೊತ್ತಿಗೆ ಅದು ತಯಾರಿತ್ತು. ಅವಳು ಒಳಮಗ್ಗುಲು ತಿರುವಿ ಹೊಲಿಗೆ ನೋಡಿದಳು. "ಹೊಲಿಗಿ ಛಲೋ ಅದ" ಅಂದಳು, ಹೊಲಿಗೆಯ ಕೂಲಿ ಕೊಟ್ಟಳು, ಹೋದಳು. ಕೂಲಿ ಬೇಡ ಅನ್ನಲು ಬಾಯಿ ತೆರೆದವಳು ಸುಮ್ಮನಾದೆ. ಓಟಿನ ಕಾಲದಲ್ಲಿ ಬಿಟ್ಟಿ ಹೊಲಿದರೆ ಅದೇ ಲಂಚವಾಗುತ್ತದೆ.

ಆದರೂ ಆಗಬೇಕಾದ್ದು ಆಗಿಯೇ ಹೋಯಿತು. ಎರಡನೇ ಸಂಜೆ ಚುನಾವಣೆಯವರ ಜೀಪು ಗಲ್ಲಿಗೆ ಬಂತು. ಒಬ್ಬ ಸಾಹೇಬ, ಕ್ಯಾಮೆರಾ ಹಿಡಿದ ಇನ್ನೊಬ್ಬ. ಎದುರಾಳಿಯ ಕಡೆಯವರು ಫೋಟೋ ತೆಗೆದು ದೂರು ಕೊಟ್ಟಿದ್ದರು: ಅಭ್ಯರ್ಥಿ ಮತದಾರರಿಗೆ ಕುಪ್ಪಸ ಹಂಚುತ್ತಿದ್ದಾರೆ, ಅದೂ ತಮ್ಮ ಚಿಹ್ನೆಯನ್ನು ಎದುರಿಗಿಟ್ಟುಕೊಂಡು. ಫೋಟೋದಲ್ಲಿ ಕಂಡದ್ದು ಹಾಗೇ ಇತ್ತು. ಕೇಸು ಬಿದ್ದರೆ ಓಟಿನ ಮಾತು ಹಾಗಿರಲಿ, ಬಜಾರಿನಲ್ಲಿ ಮುಖವೆತ್ತಿ ನಡೆಯುವುದೂ ಮುಗಿದಂತೆ.

ಇಟ್ಟಿಗೆ ಹೊರುವವಳು ಕೆಲಸದಿಂದ ಆಗ ತಾನೇ ಬಂದಿದ್ದಳು. ಕೈಗೆ ಸಿಮೆಂಟು ಹತ್ತಿತ್ತು. ಮಷಿನ್ನಿನ ಮೇಲಿದ್ದ ಖಣವೊಂದನ್ನು ಎತ್ತಿ ಚೀಟಿಯನ್ನು ಸಾಹೇಬನ ಮೂಗಿಗೆ ಹಿಡಿದಳು.

"ಲಾಚ ಕಸಲೀ ಸಾಹೇಬ? ಕಾಪಡ ಆಮಚಂ! ಸಹಾ ಮಹಿನೇ ಹಿನೇಚ ಠೇವಲಂಯ್!"

ಲಂಚ ಎಲ್ಲಿಯದು, ಬಟ್ಟೆ ನಮ್ಮದು, ಆರು ತಿಂಗಳು ಇಟ್ಟುಕೊಂಡು ಕೂತವಳು ಇವಳೇ ಅಂತ. ಅವಳು ಬಾಯಿ ತೆರೆದದ್ದೇ ತಡ, ಗಲ್ಲಿಯ ಹೆಂಗಸರೆಲ್ಲ ತಮ್ಮ ತಮ್ಮ ಕುಪ್ಪಸದ ಕಥೆ ಶುರು ಮಾಡಿದರು. ಒಬ್ಬಳದ್ದು ಪಂಚಮಿಗೆ ಕೊಟ್ಟದ್ದು, ಇನ್ನೊಬ್ಬಳದ್ದು ಮಗಳ ಮದುವೆಗೆ ಕೊಟ್ಟದ್ದು, ಮಗಳು ಈಗ ಬಸುರಿ. ನನ್ನನ್ನು ಉಳಿಸಲು ಅವರು ನನ್ನ ಮರ್ಯಾದೆಯನ್ನು ಬೀದಿಯಲ್ಲಿ ಹರವುತ್ತಿದ್ದರು, ಕ್ಯಾಮೆರಾ ಅಷ್ಟನ್ನೂ ಹಿಡಿಯುತ್ತಿತ್ತು.

ಸಾಹೇಬ ನನ್ನ ಕಡೆ ತಿರುಗಿ, ಇದು ಖರೆಯೇ ಅಂತ ಕೇಳಿದ. ಕರೆಂಟು ಇರಲಿಲ್ಲ, ಮೈ ನೆಟ್ಟಗಿರಲಿಲ್ಲ ಅಂತ ಟೇಲರರಿಗೆ ನೂರು ನೆಪ ಬರುತ್ತವೆ. ಒಂದೂ ಬಾಯಿಗೆ ಬರಲಿಲ್ಲ.

"ಹೌದ್ರಿ ಸಾಹೇಬರ" ಅಂದೆ, ಮೊದಲು ಕನ್ನಡದಲ್ಲಿ, ಗಲ್ಲಿಗೆಲ್ಲ ಕೇಳಿಸುವಂತೆ. "ಹೊರಗಿನವರದು ಮೊದಲ ಹೊಲದೆ, ನಮ್ಮವರದು ಮೂಲ್ಯಾಗ ಇಟ್ಟೆ. ನಮ್ಮವರು ಎಲ್ಲಿ ಹೋಗ್ತಾರ ಅಂದೆ. ತಪ್ಪು ನಂದು." ಆಮೇಲೆ ಅದನ್ನೇ ಮರಾಠಿಯಲ್ಲಿ ಹೇಳಿದೆ. ಅವನು ಬರೆದುಕೊಂಡು ನನ್ನ ಸಹಿ ಹಾಕಿಸಿಕೊಂಡ. ನಾನು ಹೇಳಿದ ದಿನಕ್ಕೆ ಕೆಲಸ ಮಾಡುವವಳಲ್ಲ ಅಂತ ಸರಕಾರಕ್ಕೆ ಸ್ವಂತ ಕೈಯಿಂದ ಬರೆದುಕೊಟ್ಟ ಅಭ್ಯರ್ಥಿ ನನ್ನನ್ನು ಬಿಟ್ಟರೆ ಇನ್ನೊಬ್ಬರು ಇರಲಿಕ್ಕಿಲ್ಲ. ಜೀಪು ಹೋಯಿತು, ಕೇಸು ಬೀಳಲಿಲ್ಲ.

ನಾನು ಹಿಗ್ಗಿ ದೊಡ್ಡವ್ವನ ಕಡೆ ನೋಡಿದೆ. "ಕುಪ್ಪಸದ ಮಾತು ಮುಗೀತು. ಓಟಿನ ಮಾತು ಬ್ಯಾರೆ ಅದ" ಅಂದಳು ಮುದುಕಿ. ಮತ್ತೆ ಮಷಿನ್ನಿಗೆ ಕೂತು ಉಳಿದವನ್ನು ಹೊಲಿದೆ.

ಮತದಾನದ ದಿನ ಶಾಲೆಯ ಗೇಟಿನಿಂದ ದೂರ ಟೇಬಲು ಹಾಕಿ ಕೂತೆ. ಬೆಳಿಗ್ಗೆಯಿಂದ ಬಜಾರಿನವರು ಬಂದರು, ಆಫೀಸರರ ಮನೆಯವರು ಬಂದರು. ಹಳಿಯ ಆಚೆಯವರ ಸುಳಿವಿಲ್ಲ. ಮಧ್ಯಾಹ್ನವಾಯಿತು, ನಾಲ್ಕು ಹೊಡೆಯಿತು, ಇಲ್ಲ. ಗಂಡ ಪಟ್ಟಿ ಮಡಚಿ ಕಿಸೆಗಿಟ್ಟ. ಅವನು ಪಟ್ಟಿ ಮಡಚಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೊನೆಯ ತಾಸಿನಲ್ಲಿ ಅವರು ಬಂದರು, ದಿನದ ಕೂಲಿ ಬಿಡದೆ ಕೆಲಸ ಮುಗಿಸಿ, ಬುತ್ತಿ ಡಬ್ಬಿ ಹಿಡಿದು, ಗಲ್ಲಿಗೆ ಗಲ್ಲಿಯೇ. ನನ್ನ ಟೇಬಲಿನ ಮುಂದೆಯೇ ಹಾದುಹೋದರು. ಒಬ್ಬರೂ ನನ್ನ ಕಡೆ ನೋಡಲಿಲ್ಲ. ಗೇಟು ಮುಚ್ಚುವಾಗ ಒಳಗಿನ ಸಾಲು ಇನ್ನೂ ಮೆಟ್ಟಿಲವರೆಗೆ ಇತ್ತು.

ಎಣಿಕೆಗೆ ಮೂರು ಯಂತ್ರ. ಮೊದಲನೆಯದರಲ್ಲಿ ಹಳೆಯ ಮೆಂಬರರ ಸೊಸೆ ಮುಂದೆ. ಎರಡನೆಯದರಲ್ಲಿ ನಾನು ಕೊಂಚ ಚೇತರಿಸಿಕೊಂಡೆ, ಆದರೂ ಅರವತ್ತೊಂದು ಓಟು ಹಿಂದೆ. ಎದುರಾಳಿಯ ಕಡೆಯವರು ಆಗಲೇ ಹೊರಗೆ ಗುಲಾಲಿನ ಚೀಲ ಬಿಚ್ಚಿದ್ದರು. ಮೂರನೆಯದು ಹಳಿಯ ಆಚೆಯ ಯಂತ್ರ. ಗುಮಾಸ್ತ ಅಂಕಿ ಓದಿದ. ನನಗೆ ಕೇಳಿಸಿತು, ತಲೆಗೆ ಹೋಗಲಿಲ್ಲ. ಗಂಡ ನನ್ನ ತೋಳು ಹಿಡಿದು ಕುಲುಕಿದ, "ಗೆದ್ದಿ! ಏ, ಗೆದ್ದಿ!" ನೂರಾ ನಲವತ್ತಕ್ಕೂ ಹೆಚ್ಚು ಓಟಿನ ಅಂತರ. ನಮ್ಮವರ ಗಲ್ಲಿಯೇ ಹಿಂದಿದ್ದವಳನ್ನು ಎತ್ತಿ ಮುಂದೆ ಕೂಡಿಸಿತ್ತು.

ಮೆರವಣಿಗೆ ಬಜಾರಿನ ಕಡೆ ಹೊರಡಬೇಕಿತ್ತು. ನಾನು ಟೆಂಪೊ ಹಳಿಯ ಆಚೆಗೆ ತಿರುಗಿಸಿದೆ. ಗಲ್ಲಿಯ ಬಾಯಲ್ಲಿ ಹಲಗೆ ಬಾರಿಸುತ್ತಿದ್ದರು. ಇಟ್ಟಿಗೆ ಹೊರುವವಳು ಗುಂಪು ಸೀಳಿಕೊಂಡು ಬಂದು ಟೆಂಪೊದ ಪಕ್ಕ ನಿಂತಳು.

"ಅಕ್ಕಾ, ಒಂದು ಮಾತು ಹೇಳ್ತೀನಿ. ನಮ್ಮಾಕಿ ಅಂತ ನಿನಗ ಹಾಕಿಲ್ಲ. ಹಾಂಗ ಹಾಕೋದಿದ್ರ ಮೊದಲನೇ ದಿನಾನೇ ಹೂಂ ಅಂತಿದ್ದೆ. ಆ ಸಾಹೇಬನ ಮುಂದ ತಪ್ಪು ನಂದು ಅಂದಿ ನೋಡು, ಅದಕ್ಕ ಹಾಕೀನಿ."

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಹಾಡಹಗಲು, ಗುಲಾಲು ಮೆತ್ತಿದ ಮುಖದಲ್ಲಿ, ವಾರ್ಡಿನ ಹೊಸ ಮೆಂಬರು ಗೊಳೋ ಅಂತ ಅತ್ತಳು. ಅವಳು ಕೈ ಹಿಡಿದು ಕೆಳಗೆ ಎಳೆದಳು. "ಅಳೋದು ಸಾಕು, ಇಳಿ. ಕುಣಿ ಬಾ" ಅಂದಳು. ನನಗೆ ಐವತ್ತು ದಾಟಿತ್ತು, ಮೊಣಕಾಲಲ್ಲಿ ಮಷಿನ್ನು ತುಳಿದ ನೋವು ಇನ್ನೂ ಇತ್ತು, ಮದುವೆಯಲ್ಲೂ ಕುಣಿದವಳಲ್ಲ. ಹಲಗೆಯ ಮುಂದೆ ಅವಳ ಕೈ ಬಿಡದೆ ಕುಣಿದೆ.