ಎರಡೂ ಕಡೆಯ ಭಾಷಣ

ಯಾರಾದರೂ "ಇದರ ಮೇಲೆ ಒಂದು ಚರ್ಚೆ ಆಗಲಿ" ಎಂದರೆ ನನಗೆ ಈಗಲೂ ಮೈಯೆಲ್ಲ ಸುಸ್ತು. ಮಾಸ್ತರನಾಗಿ ನಾನು ಮಾಡಿಸಿದಷ್ಟು ಚರ್ಚೆಯನ್ನು ನಮ್ಮ ಸೀಮೆಯಲ್ಲಿ ಇನ್ಯಾರೂ ಮಾಡಿಸಿರಲಿಕ್ಕಿಲ್ಲ. ಗೆದ್ದು ತಂದ ಶೀಲ್ಡುಗಳಿಗೆ ಶಾಲೆಯ ಕಪಾಟು ಸಾಲುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ಬೋರಗಾಂವ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಚರ್ಚಾಸ್ಪರ್ಧೆಗೆ ಒಂದು ಶಾಲೆಯಿಂದ ಇಬ್ಬರು ಹೋಗಬೇಕು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ಶೀಲ್ಡು. ಮಕ್ಕಳು ಚರ್ಚೆ ಮಾಡುತ್ತಾರೆ ಎನ್ನುವುದು ಹೆಸರಿಗೆ ಮಾತ್ರ. ಎರಡೂ ಭಾಷಣ ಬರೆಯುವವನು ಕನ್ನಡ ಮಾಸ್ತರ, ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುವುದು. ಇದು ತಪ್ಪೆಂದು ಯಾರಿಗೂ ಅನಿಸಿರಲಿಲ್ಲ. ನನಗಂತೂ ಎರಡೂ ಕಡೆ ಬರೆಯಬಲ್ಲೆನೆಂಬ ಜಂಬ.

ಒಂದು ವರ್ಷ ಚಿಕ್ಕೋಡಿಯ ಸ್ಪರ್ಧೆಗೆ ವಿಷಯ ಬಂತು: "ದೇಶ ಒಂದಾದರೆ ಸಂಸ್ಕೃತಿಯೂ ಒಂದೇ ಇರಬೇಕು." ವಿರೋಧದ ಭಾಷಣ ನನಗೆ ನೀರು ಕುಡಿದಷ್ಟು ಸಲೀಸು. ನಾವು ಬದುಕುತ್ತಿದ್ದದ್ದೇ ಹಾಗೆ: ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಮಗ್ಗದ ಶೆಡ್ಡಿನಲ್ಲಿ ಉರ್ದು. ಅದನ್ನೇ ಬರೆದುಕೊಟ್ಟೆ, ಒಂದು ತಾಸೂ ಹಿಡಿಯಲಿಲ್ಲ. ಪರದ ಭಾಷಣಕ್ಕೆ ಮಾತ್ರ ಬೆವರು ಹರಿಸಿದೆ. ನಂಬದ್ದನ್ನು ನಂಬಿದವನಂತೆ ಬರೆಯಬೇಕಿತ್ತಲ್ಲ.

ಆಗ ನೆರವಿಗೆ ಬಂದವರು ನಮ್ಮ ಹಿಂದಿ ಮಾಸ್ತರರು. ಮುಸಲ್ಮಾನರು, ವಿಜಾಪುರದ ಕಡೆಯವರು, ನಮ್ಮ ಓಣಿಯಲ್ಲೇ ಬಾಡಿಗೆಗಿದ್ದರು. ನಾಟಕದ ಹುಚ್ಚಿನ ಮನುಷ್ಯ. ನಾನು ಬರೆದದ್ದನ್ನು ಓದಿ ಮೂಗು ಮುರಿದರು.

"ಭಾಳ ಸಪ್ಪಗ ಆಗೇತ್ರಿ ಸರ. ಸ್ವಲ್ಪ ಖಾರ ಹಾಕ್ರಿ. ಕೇಳಿದವರ ಮೈ ಉರೀಬೇಕು."

ಹಾಕಿದೆ. "ಹೊರಗಿನಿಂದ ಬಂದವನು ಬಾಡಿಗೆದಾರ. ಮನೆಯ ರೀತಿ ಒಪ್ಪಿದರೆ ಇರಲಿ, ಒಪ್ಪದಿದ್ದರೆ ಖಾಲಿ ಮಾಡಲಿ" ಎಂದು ಬರೆದೆ. "ಒಪ್ಪದಿದ್ದರೆ" ಎಂದು ನಿಲ್ಲಬೇಕು, ಎಲ್ಲರ ಮುಖ ನೋಡಬೇಕು, ಆಮೇಲೆ ಮೇಜು ಗುದ್ದಿ ಉಳಿದದ್ದನ್ನು ಹೇಳಬೇಕು ಎಂದು ಪರ ಮಾತಾಡುವ ಹುಡುಗನಿಗೆ ಕಲಿಸಿದವರು ಅವರೇ. ಸ್ವತಃ ಬಾಡಿಗೆ ಮನೆಯಲ್ಲಿದ್ದ ಮನುಷ್ಯ! ಹತ್ತು ಸಲ ಮೇಜು ಗುದ್ದಿಸಿದರು, ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಶೀಲ್ಡು ಬಂತು. ಆ ಹುಡುಗನಿಗೆ ಮೊದಲ ಬಹುಮಾನ, ವಿರೋಧ ಮಾತಾಡಿದ ಹುಡುಗಿಗೆ ಸಮಾಧಾನಕರ. ಅಲ್ಲೇ ನನಗೆ ತಿಳಿಯಬೇಕಿತ್ತು.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಮ್ಮ ಕಡೆಗೂ ಒಂದು ಹೊಸ ಸಂಘಟನೆ ಬಂತು. ಮೊದಲು ಗೋಡೆ ಬರಹ, ಆಮೇಲೆ ಮೆರವಣಿಗೆ, ಆಮೇಲೆ ಯಾರ ಅಂಗಡಿಗೆ ಹೋಗಬೇಕು, ಯಾರದಕ್ಕೆ ಹೋಗಬಾರದು ಎಂಬ ಉಪದೇಶ. ಚಹಾದಂಗಡಿಯಲ್ಲಿ ದಿನಾ ಅದೇ ವಾದ. ನಾನೂ ಗಂಟಲು ಹರಿಯುವಷ್ಟು ವಾದಿಸಿದೆ. ಬೋರ್ಗಲ್ಲ ಮೇಲೆ ಮಳೆ ಸುರಿದಂತಾಯಿತು.

ಒಂದು ಸಂಜೆ ಹಿಂದಿ ಮಾಸ್ತರರೂ ನಾನೂ ನಿಪ್ಪಾಣಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಎದುರಿಗೇ ಆ ಸಂಘಟನೆಯ ಸಭೆ ನಡೆದಿತ್ತು. ಭಾಷಣ ಮಾಡುತ್ತಿದ್ದವನು ನಮ್ಮ ಹುಡುಗ, ಈಗ ಮೀಸೆ ಹೊತ್ತ ಗಂಡಸು. ಹೊರಗಿನಿಂದ ಬಂದವನು ಬಾಡಿಗೆದಾರ ಎಂದ. ನನ್ನದೇ ಸಾಲು, ಮರಾಠಿಗೆ ತಿರುಗಿಸಿಕೊಂಡಿದ್ದ, ಅಷ್ಟೇ. ಒಂದೇ ಸಂಸ್ಕೃತಿ ಬೇಕೆನ್ನುವವನಿಗೆ ಎರಡೆರಡು ಭಾಷೆ ಎಷ್ಟು ಸಲೀಸಾಗಿ ಬರುತ್ತಿತ್ತು! "ಒಪ್ಪದಿದ್ದರೆ" ಎಂಬಲ್ಲಿಗೆ ಬಂದು ಸುಮ್ಮನಾದ. ಜನರ ಮುಖ ನೋಡಿದ.

ಹಿಂದಿ ಮಾಸ್ತರರು ನನ್ನ ಕಡೆ ತಿರುಗದೆ ಮೆಲ್ಲಗೆ ಅಂದರು: "ಬರೋಬರಿ ನಿಂತಾನ ನೋಡ್ರಿ ಸರ."

ಮೇಜು ಗುದ್ದಿದ ಸದ್ದು ಕೇಳಿತು, ಆಮೇಲೆ ಚಪ್ಪಾಳೆ.

ತಿಂಗಳೊಳಗೆ ಅವರ ಮನೆ ಮಾಲೀಕರು ಮನೆ ಬಿಡಿ ಎಂದರು. ಹನ್ನೊಂದು ವರ್ಷ ಇದ್ದ ಮನೆ. ನನಗೆ ಸಿಟ್ಟು ನೆತ್ತಿಗೇರಿ ನೆಟ್ಟಗೆ ಮಾಲೀಕರಲ್ಲಿಗೆ ಹೋದೆ. ಅವರೇನು ಕೆಟ್ಟವರಲ್ಲ. ಹಿಂದಿ ಮಾಸ್ತರರ ಹೆಂಡತಿಯ ಬಾಣಂತನಕ್ಕೆ ದಿನಾ ಹಾಲು ಕಳಿಸಿದ ಮನೆ ಅದು. ಕೂರಿಸಿ ಚಹಾ ಕೊಟ್ಟರು.

"ಅಣ್ಣಾರ, ಇಷ್ಟು ವರ್ಷ ಇದ್ದವರನ್ನ ಹಿಂಗ ಹೊರಗ ಹಾಕೂದು ಸರಿ ಏನ್ರಿ?"

"ನನಗೇನು ದ್ವೇಷ ಇಲ್ರಿ ಸರ. ಆ ಸಂಘಟನೆ ಹುಡುಗ್ರು ದಿನಾ ಬಂದು ಕಟ್ಟಿ ಮ್ಯಾಲ ಕುಂದರತಾರ. ಮತ್ತ ಅವರು ಹೇಳೂದೂ ಖರೆ ಅನಸ್ತೈತಿ. ಆ ಭಾಷಣ ಮಾಡಾಂವ ನಿಮ್ಮ ಕೈಯಾಗ ಕಲ್ತಾಂವ ಅಲ್ಲೇನ್ರಿ? ಏನ್ ಮಾತಾಡ್ತಾನ! ನೀವ ಕಲಿಸಿದ್ದು ಸುಳ್ಳ ಇರತೈತೇನ್ರಿ?"

ಉತ್ತರ ಕೊಡಲು ಬಾಯಿ ತೆರೆದೆ. ಅಂದು ಹುಡುಗಿಗೆ ಬರೆದುಕೊಟ್ಟ ಭಾಷಣದ, ನಾನು ನಂಬಿದ ಭಾಷಣದ, ಒಂದು ಸಾಲಾದರೂ ನೆನಪಿಗೆ ಬರಬೇಕಿತ್ತು. ಬರಲಿಲ್ಲ. ಬಂದದ್ದೆಲ್ಲ ಇನ್ನೊಂದರದ್ದು, ಬೆವರು ಹರಿಸಿ ಬರೆದದ್ದು. "ಅದು ಸ್ಪರ್ಧಾಕ್ಕಂತ ಬರದ ಕೊಟ್ಟಿದ್ದೆರಿ" ಎಂದು ತೊದಲಿದೆ. ಅವರಿಗೆ ಅರ್ಥವಾಗಲಿಲ್ಲ, ಚಹಾ ಆರುತ್ತದೆ ಕುಡಿಯಿರಿ ಎಂದರು.

ಹಿಂದಿ ಮಾಸ್ತರರು ರಾಯಬಾಗ ಕಡೆಗೆ ವರ್ಗ ಮಾಡಿಸಿಕೊಂಡರು. ಒಂದು ಭಾನುವಾರ ಟೆಂಪೊ ಬಂತು. ಸಾಮಾನು ಹೇರಲು ನಾನೂ ಕೈ ಹಚ್ಚಿದೆ. ಕೊನೆಗೆ ಅವರು ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ನನ್ನ ಕೈಯಲ್ಲಿಟ್ಟು, "ಮಾಲಕರಿಗೆ ನೀವ ಮುಟ್ಟಸ್ರಿ ಸರ" ಎಂದರು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮಾಲೀಕರ ಮನೆ ದೂರವೇನಿಲ್ಲ, ಹತ್ತು ಹೆಜ್ಜೆ. ಹೋಗಿ ಕೊಟ್ಟು ಬಂದೆ. ಅವತ್ತಿನ ಸುಸ್ತು ಇನ್ನೂ ಇಳಿದಿಲ್ಲ.