ಈಸ್ಟರಿನವರೆಗೂ ಹೀಗೇ ಇರು

ಕ್ಲಿಫರ್ಡ್ ಗಾರ್ಸೈಡ್ ಸತ್ತಾಗ ಅವನಿಗೆ ನಲವತ್ತು ಕೂಡ ತುಂಬಿರಲಿಲ್ಲ. ಎತ್ತರ ನನ್ನ ಭುಜದಷ್ಟು. ನಾನೇನೂ ಎತ್ತರದ ಹೆಂಗಸಲ್ಲ. ಈಲಿಂಗ್ ಪೇಟೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ನಡೆಸುತ್ತಿದ್ದ. ಅವನ ಬಗ್ಗೆ ಬರೆಯುವವರು ಬೇರೆ ಯಾರೂ ಉಳಿದಿಲ್ಲ. ಆದ್ದರಿಂದ ಹದಿನಾಲ್ಕಕ್ಕೆ ಶಾಲೆ ಬಿಟ್ಟು ಸೂಜಿ ಹಿಡಿದ ನಾನೇ ಬರೆಯಬೇಕಾಗಿದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ನಾನು ಊರಾಚೆಯ ಸಿನಿಮಾ ಸ್ಟುಡಿಯೊದಲ್ಲಿ ಉಡುಪು ಹೊಲಿಯುತ್ತಿದ್ದೆ. ಗಾರ್ಸೈಡ್ ಮನೆಯವರು ನಮ್ಮ ಬೀದಿಯವರೇ. ಗಂಡ ವಿಲ್ಫ್ ಗ್ಯಾಸ್ ಕಾರ್ಖಾನೆಯಲ್ಲಿ ಕಲ್ಲಿದ್ದಲು ಎತ್ತುತ್ತಿದ್ದ, ಹೆಂಡತಿ ಎಡ್ನಾ ಬೇರೆಯವರ ಮನೆಗಳ ಮೆಟ್ಟಿಲು ತಿಕ್ಕುತ್ತಿದ್ದಳು. ಒಬ್ಬನೇ ಮಗ ಕ್ಲಿಫ್. ಒಂದು ದಿನ ಸ್ಟುಡಿಯೊದವರು ಶಾಲೆಗೆ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿದರು. ಹಣ ಕರಗಿಹೋದ ಸಿರಿವಂತರ ಮನೆ, ಅಪ್ಪ ಅಮ್ಮನ ಜಗಳ, ಅದನ್ನು ಕೇಳಿ ಕೊರಗುವ ಎಂಟು ವರ್ಷದ ಮಗು: ಅಂಥದೊಂದು ಚಿತ್ರ. ಕ್ಲಿಫ್‌ಗೆ ಆಗಲೇ ಹತ್ತು ದಾಟಿತ್ತು, ನೋಡಿದರೆ ಎಂಟು. ಅವನನ್ನೇ ಆರಿಸಿದರು.

ಹುಡುಗ ತರುವ ದುಡ್ಡು ಅಪ್ಪನ ಕೂಲಿಯನ್ನು ಮೀರಿತು. ಮಗನ ಜೊತೆ ಯಾರಾದರೂ ಇರಬೇಕಲ್ಲ ಎಂದು ವಿಲ್ಫ್ ಕೆಲಸ ಬಿಟ್ಟ. ಎಡ್ನಾ ಮೆಟ್ಟಿಲು ತಿಕ್ಕುವುದನ್ನು ಬಿಟ್ಟಳು. ಬೀದಿಯ ತುದಿಯಲ್ಲಿ, ಕಿಟಕಿ ಮುಂದಕ್ಕೆ ಚಾಚಿಕೊಂಡ, ಬಾಡಿಗೆ ಹೆಚ್ಚಿನ ಮನೆಗೆ ಹೋದರು. ಕಂತಿನ ಮೇಲೆ ಪಿಯಾನೊ ಬಂತು. ಮನೆಯಲ್ಲಿ ಯಾರಿಗೂ ನುಡಿಸಲು ಬಾರದು. ಮನೆಮನೆಗೆ ಕಲ್ಲಿದ್ದಲು ಹಾಕುವವನು ಗಾಡಿ ನಿಲ್ಲಿಸಿಕೊಂಡು ಕೇಳುತ್ತಿದ್ದ: “ಏನ್ ವಿಲ್ಫ್, ನಿಮ್ಮ ಯಜಮಾನ್ರು ಶಾಲೆಯಿಂದ ಬಂದ್ರಾ?” ವಿಲ್ಫ್ ನಗುತ್ತಿದ್ದ. ಆಗ ನಗುವ ಕಾಲವಾಗಿತ್ತು.

ಚಿತ್ರ ಮುಗಿದದ್ದು ಅಕ್ಟೋಬರಿನಲ್ಲಿ. ಅದೇ ಕಥೆಯ ಎರಡನೆಯ ಭಾಗವನ್ನು ಈಸ್ಟರ್ ಕಳೆದ ಮೇಲೆ ತೆಗೆಯುವುದೆಂದಾಯಿತು. ಅದೇ ಹುಡುಗ, ಅದೇ ನೀಲಿ ಮಖಮಲ್ಲಿನ ಕೋಟು. ಹೊರಡುವ ದಿನ ನಿರ್ದೇಶಕರು ಕ್ಲಿಫ್‌ನ ತಲೆ ಸವರಿ, “ಈಸ್ಟರಿನವರೆಗೂ ಹೀಗೇ ಇರು ಮರಿ” ಅಂದರು. ಬಾಯಿಮಾತಿಗೆ ಅಂದದ್ದು. ಆ ಮನೆಯಲ್ಲಿ ಮಾತ್ರ ಅದು ವೇದವಾಕ್ಯವಾಯಿತು. ಹುಡುಗ ಬೆಳೆದರೆ ಕೋಟು ಹೋಯಿತು, ಕೋಟು ಹೋದರೆ ಮನೆ ಹೋಯಿತು.

ಆ ಚಳಿಗಾಲ ತಿಂಗಳಿಗೊಮ್ಮೆ ಅವನ ಅಳತೆ ತೆಗೆಯಲು ನನ್ನನ್ನೇ ಕಳಿಸುತ್ತಿದ್ದರು. ನಾನು ಟೇಪು ಬಿಚ್ಚುವ ಮೊದಲೇ ಎಡ್ನಾಳ ಮುಖ ಬಿಳಿಚಿಕೊಳ್ಳುತ್ತಿತ್ತು. ಹುಡುಗ ಉಸಿರು ಕಟ್ಟಿ, ಕುತ್ತಿಗೆ ಒಳಗೆಳೆದುಕೊಂಡು ನಿಲ್ಲುತ್ತಿದ್ದ. ಶಾಲೆಯಲ್ಲಿ ಕೊಡುವ ಹಾಲನ್ನು ಪಕ್ಕದವನಿಗೆ ಕೊಡುತ್ತಿದ್ದನಂತೆ. ಎಂಥ ಉದಾರಿ ಎಂದು ಟೀಚರಮ್ಮನಿಗೆ ಸಂತೋಷ. ಅವನ ರೊಟ್ಟಿ ಕಾಲುವೆಯ ಬಾತುಕೋಳಿಗಳಿಗೆ ಹೋಗುತ್ತಿತ್ತು. ಕುದುರೆ ಓಡಿಸುವ ಜಾಕಿಗಳು ಸಿಗರೇಟು ಸೇದಿ ಕುಳ್ಳಗೇ ಉಳಿಯುತ್ತಾರೆಂದು ಯಾರೋ ಹೇಳಿದ್ದಕ್ಕೆ, ಅಪ್ಪ ಬಿಟ್ಟ ತುಂಡುಗಳನ್ನು ಹಿತ್ತಲಲ್ಲಿ ಸೇದುತ್ತಿದ್ದ. ಇದನ್ನೆಲ್ಲ ಮಾಡೆಂದು ಅವನಿಗೆ ಯಾರೂ ಹೇಳಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ.

ಒಂದು ಭಾನುವಾರ ಚಹಾಕ್ಕೆ ಕೂತಿದ್ದಾಗ ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಚೂರು ಹಾಕಿದೆ. ಎಡ್ನಾ ಕೈಚಾಚಿ ಅದನ್ನು ತೆಗೆದಳು.

“ಅವ್ನಿಗೆ ಸಾಕು ಹಿಲ್ಡಾ. ಮೊದ್ಲಿಂದ್ಲೂ ಗುಬ್ಬಿ ಹಾಗೆ ತಿನ್ನೋನು.”

“ಗುಬ್ಬೀನೂ ಇಡೀ ದಿನ ಹೆಕ್ತಾನೇ ಇರುತ್ತೆ ಕಣೇ.”

“ನಿಂಗೇನು, ಮಕ್ಕಳೂ ಇಲ್ಲ, ಪಿಯಾನೊ ಕಂತೂ ಇಲ್ಲ.”

ನಾನು ಎದ್ದು ಬಂದೆ. ನನ್ನ ಗಂಡ ಸ್ಟ್ಯಾನ್ ಪಬ್ಬಿನಲ್ಲಿ ವಿಲ್ಫ್‌ಗೆ ನಯವಾಗಿಯೇ ಹೇಳಿನೋಡಿದರು. ಅಂದಿನಿಂದ ಅವನು ನಮ್ಮನ್ನು ಕಂಡರೆ ರಸ್ತೆ ದಾಟುತ್ತಿದ್ದ. ಶಾಲೆಯ ನರ್ಸಿಗೂ ಹೇಳಿದೆ. ರೇಷನ್ನಿನ ಕಾಲ, ಎಲ್ಲ ಮಕ್ಕಳೂ ತೆಳ್ಳಗೇ ಇದ್ದಾರೆ ಅಂದಳು. ಅದೂ ಸುಳ್ಳಲ್ಲ.

ಈಸ್ಟರ್ ಕಳೆಯಿತು. ಸ್ಟುಡಿಯೊದಲ್ಲಿ ನಾನೇ ಅವನಿಗೆ ಕೋಟು ತೊಡಿಸಿದೆ. ತೋಳು ಸರಿಯಾಗಿ ಮಣಿಕಟ್ಟಿಗೆ ಬಂತು, ಗುಂಡಿಗಳನ್ನೂ ಸಲೀಸಾಗಿ ಹಾಕಲು ಬಂತು. ಎಡ್ನಾ ಖುಷಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವನನ್ನು ದೀಪಗಳ ಮುಂದೆ ನಿಲ್ಲಿಸಿದರು. ಕ್ಯಾಮೆರಾದವರು ನೋಡಿ ಏನೋ ಗೊಣಗಿದರು. ಕೆನ್ನೆಗೆ ಬಣ್ಣ ಹಚ್ಚಿಸಿದರು, ದೀಪ ಸರಿಸಿದರು, ಮತ್ತೆ ನೋಡಿದರು. ಕೊನೆಗೆ ನಿರ್ದೇಶಕರ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದ್ದು ನಮಗೂ ಕೇಳಿಸಿತು: “ಅಳತೆ ಎಲ್ಲ ಸರಿ ಇದೆ ಸಾರ್. ಮುಖ ಹೋಗಿದೆ. ಇದು ಮಗೂ ಮುಖ ಅಲ್ಲ.”

ಬೆಂಚಿನ ಮೇಲೆ ಇನ್ನೊಬ್ಬ ಹುಡುಗ ಕಾಯುತ್ತಿದ್ದ. ಗುಂಡು ಕೆನ್ನೆಯ, ನಿಜವಾಗಿಯೂ ಎಂಟು ವರ್ಷದ ಮಗು. ಸಂಜೆಯೊಳಗೆ ಕೋಟನ್ನು ಅವನಿಗೆ ಸರಿಮಾಡಿ ಹೊಲಿದುಕೊಟ್ಟೆ.

ಬಸ್ಸಿಗೆ ಎಡ್ನಾ, ಕ್ಲಿಫ್, ನಾನು ಮೂವರೂ ಒಟ್ಟಿಗೆ ಕಾದೆವು. ಎಡ್ನಾ ರಸ್ತೆಯನ್ನೇ ನೋಡುತ್ತಿದ್ದಳು. ಕ್ಲಿಫ್ ನನ್ನ ತೋಳು ಜಗ್ಗಿ, ಅವಳಿಗೆ ಕೇಳಿಸದ ಹಾಗೆ ಕೇಳಿದ: “ಹಿಲ್ಡಾ ಆಂಟಿ, ನಾನಿನ್ನು ತಿನ್ಬೋದಾ?”

ದ್ರಾಕ್ಷಿ ಹಾಕಿದ ಬನ್ನು ಕೊಡಿಸಿದೆ. ನಿಂತಲ್ಲೇ ಪೂರ್ತಿ ತಿಂದ. ಬಸ್ಸಿನಲ್ಲಿ ಅಷ್ಟನ್ನೂ ಕಕ್ಕಿದ. ಆಮೇಲೆ ತೋರಿಸಿದಾಗ ಡಾಕ್ಟರು, ಹೊಟ್ಟೆ ದಾರಿಗೆ ಬರುತ್ತದೆ, ಎದೆಯೂ ಎಲುಬೂ ಬರುತ್ತವೆಂದು ಹೇಳಲಾರೆ ಅಂದರು.

ಬೇಸಿಗೆ ಬರುವಷ್ಟರಲ್ಲಿ ಪಿಯಾನೊ ಹೊತ್ತುಕೊಂಡು ಹೋದರು. ಮನೆಯೂ ಹೋಯಿತು. ವಿಲ್ಫ್‌ನನ್ನು ಗ್ಯಾಸ್ ಕಾರ್ಖಾನೆಯವರು ಹೊಸಬರ ಸಾಲಿನಲ್ಲಿ, ಕಡಿಮೆ ಕೂಲಿಗೆ ಸೇರಿಸಿಕೊಂಡರು. ಅವನು ಮಗನಿಗೆ ಒಂದು ದಿನವೂ ಹೊಡೆದವನಲ್ಲ. ಹೆಸರು ಹಿಡಿದು ಕರೆಯುವುದನ್ನು ಬಿಟ್ಟ, ಅಷ್ಟೆ. “ಅವನಿಗೆ ಹೇಳು” ಎಂದು ಹೆಂಡತಿಗೆ ಹೇಳುತ್ತ ಹೇಳುತ್ತಲೇ ಸತ್ತ.

ಹದಿನೈದಕ್ಕೆ ಕ್ಲಿಫ್ ಲಿಫ್ಟಿನ ಕೆಲಸ ಹಿಡಿದ. ಹುಡುಗರಿಗೆಂದು ಹೊಲಿದ ಸಮವಸ್ತ್ರವೇ ಅವನಿಗೆ ಕೊನೆಯವರೆಗೂ ಆಯಿತು. ನಮ್ಮಲ್ಲಿ ದುಡಿಯುವ ಮಕ್ಕಳು ಮದುವೆಯಾಗುವ ತನಕ ಶುಕ್ರವಾರದ ಸಂಬಳದ ಲಕೋಟೆಯನ್ನು ಒಡೆಯದೆ ತಾಯಿಗೆ ಕೊಡುತ್ತಾರೆ, ಅವಳು ಕೈಖರ್ಚಿಗೆ ಒಂದಿಷ್ಟು ವಾಪಸು ಕೊಡುತ್ತಾಳೆ. ಕ್ಲಿಫ್ ಮದುವೆಯಾಗಲಿಲ್ಲ. ಅರ್ಧವನ್ನಾದರೂ ನೀನೇ ಇಟ್ಟುಕೊಳ್ಳೋ ಎಂದು ಒಮ್ಮೆ ಹೇಳಿದ್ದಕ್ಕೆ ಅವನಿಗೆ ಆಶ್ಚರ್ಯವಾಯಿತು.

“ಹೇಗಾಗುತ್ತೆ ಆಂಟಿ? ಒಂದ್ಸಲ ಮನೆ ಮುಳುಗ್ಸಿದೀನಲ್ಲ.”

ಒಂದು ಫೆಬ್ರವರಿಯಲ್ಲಿ ಕೆಲಸದಲ್ಲಿದ್ದಾಗಲೇ ಅವನ ಎದೆಬಡಿತ ನಿಂತಿತು. ಮಣ್ಣು ಮಾಡಿ ಬಂದ ಮೇಲೆ ಅಂಗಡಿಯವರೊಬ್ಬರು ಟೋಪಿ ಕೈಯಲ್ಲಿ ಹಿಡಿದು ಆ ವಾರದ ಲಕೋಟೆ ತಂದರು. ಎಡ್ನಾ ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಅವನು ತೆಗೆದುಕೊಳ್ಳದೆ ಉಳಿಸಿದ್ದ ರಜೆಯ ದುಡ್ಡೂ ಇದರಲ್ಲೇ ಇದೆಯೋ ಎಂದು ಕೇಳಿದಳು. ಇದೆ ಎಂದರು. ಸರಿ ಎಂದು ಅವರಿಗೆ ಚಹಾ ಬಗ್ಗಿಸಿದಳು.